ಹೆಸರು ಹೇಳುವ ಹಾಡು

ಒಂದು ಹಾಡು ಕೇಳಿ ನಮಗೆ ಸಂತೋಷವಾಯಿತು ಅನ್ನಿ. ಆ ಸಂತೋಷಕ್ಕಾಗಿ ನಾವು ಯಾರಿಗೆ ಋಣಿಗಳು? ಹಾಡಿದವನಿಗೆ ಎಂದು ಥಟ್ಟನೆ ಹೇಳಿಬಿಡಬಹುದು. ಹಾಗಾದರೆ ಅವನಿಗೆ ಕಲಿಸಿದವರಿಗೆ? ಯಾರೂ ಕಲಿಸದೆಯೇ ಅವನ ಕಿವಿಯ ಮೇಲೆ ಬಿದ್ದು ಒಳಗಿಳಿದ ಹಾಡುಗಳಿಗೆ? ಪಕ್ಕದಲ್ಲಿ ಕೂತು ವಾದ್ಯ ನುಡಿಸಿ, ಕೂಲಿ ಇಸಿದುಕೊಂಡು, ಹೆಸರಿಲ್ಲದೆ ಮನೆಗೆ ಹೋದವರಿಗೆ? ಹೀಗೆ ಲೆಕ್ಕ ಹಾಕುತ್ತ ಹೋದರೆ ಹಾಡು ಕೇಳುವ ಸುಖವೇ ಹಾರಿಹೋಗುತ್ತದೆ ಎನ್ನುತ್ತಾಳೆ ನನ್ನ ಮಗಳು. “ಅಮ್ಮಾ, ಮಾವಿನಹಣ್ಣು ತಿನ್ನುವಾಗ ಮರ ನೆಟ್ಟವನ ಜಾತಕ ಕೇಳ್ತೀಯಾ?” ಎಂದು ಅವಳ ಪ್ರಶ್ನೆ. ಕೇಳುವುದಿಲ್ಲ, ನಿಜ. ಆದರೆ ಮರ ನೆಟ್ಟವನು ಬೇಲಿಯಾಚೆ ನಿಂತು ನಾವು ತಿನ್ನುವುದನ್ನೇ ನೋಡುತ್ತಿದ್ದರೆ? ಆಗಲೂ ಕೇಳದೆ ತಿನ್ನುವುದು ಹೇಗೆ?

ಈ ಪ್ರಶ್ನೆ ನನ್ನನ್ನು ಹಿಡಿದದ್ದು ಸ್ಟೀವಿ ವಂಡರ್ ಎಂಬ ಅಮೆರಿಕದ ಗಾಯಕನ ದೆಸೆಯಿಂದ. ಮೈಕೆಲ್ ಜಾಕ್ಸನ್ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. 1996ರಲ್ಲಿ ಅವನು ಮುಂಬಯಿಗೆ ಬಂದು ಕುಣಿದು ಹೋದ ಮೇಲಂತೂ ಗಣೇಶೋತ್ಸವದ ಪೆಂಡಾಲುಗಳಲ್ಲೂ ಅವನ ನಡಿಗೆ ಕಾಣಿಸಿಕೊಂಡಿತ್ತು. ಸ್ಟೀವಿ ವಂಡರ್ ಹೆಸರು ನಮ್ಮಲ್ಲಿ ಅಷ್ಟು ಓಡಾಡಿಲ್ಲ. ಮಗಳ ಬಾಣಂತನಕ್ಕೆಂದು ನಾನು ಡೆಟ್ರಾಯಿಟ್ ಪಕ್ಕದ ಊರಿಗೆ ಹೋಗದೆ ಇದ್ದಿದ್ದರೆ ನನಗೂ ಅವನು ಕಪ್ಪು ಕನ್ನಡಕ ಹಾಕಿಕೊಂಡು ತಲೆಯಾಡಿಸುತ್ತ ಪಿಯಾನೋ ನುಡಿಸುವ ಒಂದು ಚಿತ್ರವಾಗಿಯೇ ಉಳಿಯುತ್ತಿದ್ದ.

ಅವನು ಹುಟ್ಟಿದ್ದು 1950ರ ಮೇ 13ರಂದು, ಮಿಚಿಗನ್ ರಾಜ್ಯದ ಸ್ಯಾಗಿನಾ ಎಂಬಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಸ್ಪತ್ರೆಯ ಕಾವುಪೆಟ್ಟಿಗೆಯಲ್ಲಿಟ್ಟು ಆಮ್ಲಜನಕ ಕೊಟ್ಟರು. ಹಾಗೆ ಅತಿಯಾಗಿ ಕೊಟ್ಟ ಆಮ್ಲಜನಕ ಎಳೆಯ ಕಣ್ಣಿನ ಪರೆಗೆ ಕೇಡು ಎನ್ನುವುದು ವೈದ್ಯರಿಗೆ ತಿಳಿಯುವಷ್ಟರಲ್ಲಿ ಆ ಕಾಲದ ಎಷ್ಟೋ ಮಕ್ಕಳ ಕಣ್ಣು ಹೋಗಿತ್ತು, ಇವನದೂ ಹೋಯಿತು. ತಾಯಿ ಲೂಲಾ ಹಾರ್ಡವೇ ಗಂಡನ ಕಾಟ ತಾಳದೆ ಮಕ್ಕಳನ್ನು ಕಟ್ಟಿಕೊಂಡು ಡೆಟ್ರಾಯಿಟ್ಟಿಗೆ ಬಂದಳು. ಹುಡುಗ ಕೈಗೆ ಸಿಕ್ಕಿದ್ದೆಲ್ಲವನ್ನೂ ಬಡಿಯುತ್ತ, ಊದುತ್ತ ಬೆಳೆದ. 1961ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮೋಟೌನ್ ಎಂಬ ರೆಕಾರ್ಡ್ ಕಂಪನಿ ಅವನನ್ನು ಸೇರಿಸಿಕೊಂಡಿತು. ಹದಿಮೂರು ತುಂಬಿದ ಬೇಸಿಗೆಯಲ್ಲಿ, 1963ರಲ್ಲಿ, ಅವನ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು.

ಇಷ್ಟನ್ನು ಎಲ್ಲ ಅಭಿಮಾನಿಗಳೂ ಹೇಳುತ್ತಾರೆ. ನನಗೆ ಸೋಜಿಗವಾಗಿ ಕಂಡದ್ದು ಬೇರೆ. 1962ರಲ್ಲಿ ಬಂದ ಅವನ ಮೊಟ್ಟಮೊದಲ ತಟ್ಟೆಯ ಹೆಸರೇ ‘ದಿ ಜಾಝ್ ಸೋಲ್ ಆಫ್ ಲಿಟಲ್ ಸ್ಟೀವಿ’. ಪುಟ್ಟ ಸ್ಟೀವಿಯ ಜಾಝ್ ಜೀವ ಎಂದು ಬೇಕಾದರೆ ಹೇಳಿಕೊಳ್ಳಿ. ಅದರಲ್ಲಿ ಅವನು ಹಾಡುವುದೇ ಇಲ್ಲ. ಮೌತ್ ಆರ್ಗನ್ ಊದುತ್ತಾನೆ, ಡ್ರಮ್ಮು ಬಾರಿಸುತ್ತಾನೆ, ಬೊಂಗೋ ತಟ್ಟುತ್ತಾನೆ. ಹದಿಮೂರನೆಯ ವಯಸ್ಸಿನಲ್ಲಿ ಅವನನ್ನು ಮೇಲಕ್ಕೆ ಒಯ್ದ ‘ಫಿಂಗರ್‌ಟಿಪ್ಸ್’ ಕೂಡ ಮೊದಲು ಆ ತಟ್ಟೆಯಲ್ಲಿದ್ದ ವಾದ್ಯಸಂಗೀತವೇ. ಅದೇ ವರ್ಷದ ಇನ್ನೊಂದು ತಟ್ಟೆ, ರೇ ಚಾರ್ಲ್ಸ್ ಎಂಬ ಹಿರಿಯ ಅಂಧ ಗಾಯಕನಿಗೆ ಅರ್ಪಣೆ. ಎಂದರೆ ಲೋಕ ಅವನನ್ನು ಪಾಪ್ ಗಾಯಕನೆಂದು ಕರೆಯುವ ಮೊದಲೇ ಅವನು ಜಾಝಿನ ಮನೆಯ ಕೂಸು.

ಜಾಝ್ ಎಂದರೇನೆಂದು ನನ್ನನ್ನು ಕೇಳಬೇಡಿ. ಬಲ್ಲವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು ನ್ಯೂ ಆರ್ಲಿಯನ್ಸ್ ಮೊದಲಾದ ಊರುಗಳಲ್ಲಿ ಕಟ್ಟಿದ ಸಂಗೀತ ಅದು. ಬರೆದಿಟ್ಟ ರಾಗವನ್ನು ಕೂತಲ್ಲೇ ಮುರಿದು, ಬೆಳೆಸಿ, ಮತ್ತೆ ಕೂಡಿಸುವ ಸಂಗೀತ. ನಮ್ಮ ಕಲ್ಪನಾಸ್ವರ ಕೇಳಿದ ಕಿವಿಗೆ ಅದು ಅಷ್ಟೇನೂ ದೂರದ್ದೆನಿಸುವುದಿಲ್ಲ. ಅದರಲ್ಲಿ ಸ್ಕ್ಯಾಟ್ ಎಂಬ ಒಂದು ಬಗೆಯ ಹಾಡಿಕೆ ಇದೆ. ಅರ್ಥವಿಲ್ಲದ ಅಕ್ಷರಗಳನ್ನು ಹಿಡಿದು ಸ್ವರ ಹೆಣೆಯುತ್ತ ಹೋಗುವುದು. ಮೊದಲ ಸಲ ಕೇಳಿದಾಗ ನನಗೆ ತಿಲ್ಲಾನ ನೆನಪಾಯಿತು.

ಮಗಳ ಮನೆಯ ಪಕ್ಕದಲ್ಲಿ ಕಪ್ಪು ಜನಾಂಗದ ಒಬ್ಬ ಹಿರಿಯಾಕೆ ಇದ್ದರು. ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಪ್ರತಿ ವರ್ಷ ಮೇ 13ರಂದು ಅವರ ಹಿತ್ತಲಿನಲ್ಲಿ ಸ್ಟೀವಿಯ ಅಭಿಮಾನಿಗಳು ಹತ್ತು ಹದಿನೈದು ಜನ ಸೇರುತ್ತಿದ್ದರು. ಕೇಕು ಕತ್ತರಿಸುವುದು, ಹಳೆಯ ತಟ್ಟೆಗಳನ್ನು ಒಂದಾದ ಮೇಲೊಂದು ಹಾಕುವುದು, ಕುಣಿಯುವುದು. ನಾವು ತ್ಯಾಗರಾಜರ ಆರಾಧನೆ ಮಾಡುತ್ತೇವಲ್ಲ, ಹಾಗೆಯೇ ಅನ್ನಿ, ಆದರೆ ಮಡಿ ಇಲ್ಲದ ಆರಾಧನೆ. ನಾನೂ ಮೊಮ್ಮಗುವನ್ನು ಎತ್ತಿಕೊಂಡು ಹೋಗಿದ್ದೆ. ನನ್ನ ಹರಕು ಇಂಗ್ಲಿಷಿಗೆ ಯಾರೂ ನಗಲಿಲ್ಲ. ಕೋಸಂಬರಿಯನ್ನು ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಅಂದು ‘ಸರ್ ಡ್ಯೂಕ್’ ಎಂಬ ಹಾಡು ಹಾಕಿದರು. ಕುರ್ಚಿಯಲ್ಲಿ ಕೂತಿದ್ದವರೆಲ್ಲ ಎದ್ದರು. ತುತ್ತೂರಿ, ಸ್ಯಾಕ್ಸೋಫೋನು, ಗಿಟಾರುಗಳೆಲ್ಲ ಒಂದೇ ಸ್ವರಸಾಲನ್ನು ಒಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿದಂತೆ, ಇಳಿದಂತೆ, ಕೊನೆಯಲ್ಲಿ ಉರುಳಿದಂತೆ ನುಡಿಸುವ ಒಂದು ಭಾಗ ಅದರಲ್ಲಿದೆ. ಅದನ್ನು ಆ ಹಿತ್ತಲಿನ ಮುದುಕಿಯರು ಒಂದು ಸ್ವರವೂ ತಪ್ಪದಂತೆ ಬಾಯಲ್ಲಿ ನುಡಿಸಿದರು. ಕುಣಿತ ಮುಗಿದ ಮೇಲೆ ಪಕ್ಕದ ಮನೆಯಾಕೆ ನನಗೆ ಹಾಡಿನ ಅರ್ಥ ಬಿಡಿಸಿ ಹೇಳಿದರು. ಅದರಲ್ಲಿ ಪ್ರೇಮವೂ ಇಲ್ಲ, ವಿರಹವೂ ಇಲ್ಲ. ತನಗಿಂತ ಮೊದಲಿನ ಸಂಗೀತಗಾರರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ನೆನೆಯುವುದೇ ಹಾಡಿನ ತಿರುಳು. ಕೌಂಟ್ ಬೇಸಿ, ಗ್ಲೆನ್ ಮಿಲ್ಲರ್, ಲೂಯಿ ಆರ್ಮ್‌ಸ್ಟ್ರಾಂಗ್, ಎಲಾ ಫಿಟ್ಜೆರಾಲ್ಡ್, ಎಲ್ಲರಿಗೂ ಮೇಲೆ ಡ್ಯೂಕ್ ಎಲಿಂಗ್ಟನ್. ಐದು ಜನ. ಮಿಲ್ಲರ್ ಬಿಳಿಯ, ಉಳಿದವರು ಕಪ್ಪು ಜನ. ಎಲಾ ಒಬ್ಬಳೇ ಹೆಂಗಸು.

ಎಲಿಂಗ್ಟನ್ ತೀರಿಕೊಂಡದ್ದು 1974ರ ಮೇ ತಿಂಗಳಲ್ಲಿ. ಈ ಹಾಡು ಬಂದದ್ದು 1976ರಲ್ಲಿ, ‘ಸಾಂಗ್ಸ್ ಇನ್ ದಿ ಕೀ ಆಫ್ ಲೈಫ್’ ಎಂಬ ದೊಡ್ಡ ಸಂಕಲನದಲ್ಲಿ. ಸ್ಟೀವಿಗೆ ಆಗ ಇಪ್ಪತ್ತಾರು ವರ್ಷ. ಅದಕ್ಕೆ ಮೊದಲು 1965ರಲ್ಲಿ ಪುಲಿಟ್ಜರ್ ಪ್ರಶಸ್ತಿಯ ಸಂಗೀತ ತೀರ್ಪುಗಾರರು ಎಲಿಂಗ್ಟನ್‌ಗೆ ವಿಶೇಷ ಗೌರವ ಕೊಡಿ ಎಂದು ಶಿಫಾರಸು ಮಾಡಿದ್ದರಂತೆ. ಮೇಲಿನ ಮಂಡಳಿ ಒಪ್ಪಲಿಲ್ಲ. ಕೊನೆಗೆ ಕೊಟ್ಟದ್ದು 1999ರಲ್ಲಿ, ಆತ ಸತ್ತು ಇಪ್ಪತ್ತೈದು ವರ್ಷಗಳ ಮೇಲೆ. ದೊಡ್ಡವರ ಸಮಿತಿಗಳಿಗೆ ಹಿಡಿಯುವ ಹೊತ್ತು ನೋಡಿ! ಅಷ್ಟರಲ್ಲಿ ಈ ಹಾಡು ಒಂದು ತಲೆಮಾರಿನ ಮಕ್ಕಳ ಬಾಯಲ್ಲಿ ಆ ಹೆಸರನ್ನು ಕೂರಿಸಿಬಿಟ್ಟಿತ್ತು.

ಅದೇ ಸಂಕಲನದಲ್ಲಿ ‘ಬ್ಲ್ಯಾಕ್ ಮ್ಯಾನ್’ ಎಂಬ ಇನ್ನೊಂದು ಹಾಡಿದೆ. ಅದರ ಕೊನೆಯಲ್ಲಿ ತರಗತಿಯಂತೆ ಪ್ರಶ್ನೆ ಕೇಳುವುದು, ಮಕ್ಕಳು ಒಟ್ಟಾಗಿ ಉತ್ತರ ಕೂಗುವುದು. ಇಂಥ ಕೆಲಸ ಮೊದಲು ಮಾಡಿದವರು ಯಾರು, ಅವರು ಕಪ್ಪು, ಬಿಳಿ, ಹಳದಿ, ಕೆಂಪು ಯಾವ ಬಣ್ಣದವರು ಎಂದು. ಮೂವತ್ತು ವರ್ಷ ತರಗತಿಯಲ್ಲಿ ಕೂಗಾಡಿದ ನನಗೆ ಅದು ತುಂಬ ಹಿಡಿಸಿತು. ಇನ್ನು 1979ರಲ್ಲಿ ಸಸ್ಯಗಳ ಜೀವನದ ಮೇಲಿನ ಒಂದು ಚಿತ್ರಕ್ಕೆ ಅವನು ಸಂಗೀತ ಕೊಟ್ಟಾಗ, ಅದರ ಒಂದು ಹಾಡಿನಲ್ಲಿ ನಮ್ಮ ಜಗದೀಶಚಂದ್ರ ಬೋಸರನ್ನು ನೆನೆದಿದ್ದಾನೆ. ಗಿಡಕ್ಕೂ ನೋವು ತಿಳಿಯುತ್ತದೆಂದ ಬೋಸರನ್ನು ಡೆಟ್ರಾಯಿಟ್ಟಿನ ಕುರುಡ ಹುಡುಗ ಹಾಡಿ ಹೊಗಳಿದ ಸಂಗತಿ ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ತಲುಪಿಲ್ಲ. ಹೆಸರು ಹೇಳುವುದು ಇವನಿಗೆ ಒಂದು ಚಟವೇ ಇದ್ದಿರಬೇಕು. ಒಳ್ಳೆಯ ಚಟ.

ಆದರೆ ಆ ಹಿತ್ತಲಿನಲ್ಲಿ ಎಲ್ಲರೂ ಹಾಗೆ ಕರಗಿರಲಿಲ್ಲ. ಒಬ್ಬ ಮುದುಕರಿದ್ದರು, ಹರೆಯದಲ್ಲಿ ಡೆಟ್ರಾಯಿಟ್ಟಿನ ಕ್ಲಬ್ಬುಗಳಲ್ಲಿ ತುತ್ತೂರಿ ಊದಿ, ಹೊಟ್ಟೆ ತುಂಬದೆ ಕಾರು ಕಾರ್ಖಾನೆ ಸೇರಿದವರು. “ಹೆಸರು ಹೇಳುವುದು ಗೆದ್ದವರಿಗೆ ಸುಲಭ. ಹೆಸರು ಒಲೆ ಹೊತ್ತಿಸುವುದಿಲ್ಲ,” ಎಂದರು. ಹೇಳಿ ಜೇಮ್ಸ್ ಜೇಮರ್ಸನ್ ಎಂಬುವನ ಕಥೆ ತೆಗೆದರು. ಅದನ್ನು ನಾನು ಮರೆಯಲಾರೆ.

ಮೋಟೌನ್ ಕಂಪನಿ ಕಟ್ಟಿದ ಬೆರಿ ಗಾರ್ಡಿ 1950ರ ದಶಕದಲ್ಲಿ ಜಾಝ್ ತಟ್ಟೆಗಳ ಅಂಗಡಿ ಇಟ್ಟು ಕೈ ಸುಟ್ಟುಕೊಂಡಿದ್ದವನು. ಜನರಿಗೆ ಬೇಕಾದದ್ದು ಕುಣಿಯುವ ಹಾಡು ಎಂದು ಅವನಿಗೆ ಅರ್ಥವಾಯಿತು. 1959ರಲ್ಲಿ ಒಂದು ಮನೆ ಕೊಂಡು, ಅದರಲ್ಲೇ ಸ್ಟುಡಿಯೋ ಮಾಡಿ, ಹಾಡು ತಯಾರಿಸತೊಡಗಿದ. ಹಾಡುವವರು ಹೊಸ ಹುಡುಗ ಹುಡುಗಿಯರು. ನುಡಿಸುವವರು? ಅವರನ್ನು ಊರಿನ ಜಾಝ್ ಕ್ಲಬ್ಬುಗಳಿಂದಲೇ ತಂದ. ಹಗಲು ಇಲ್ಲಿ ಪಾಪ್, ರಾತ್ರಿ ಕ್ಲಬ್ಬಿನಲ್ಲಿ ಜಾಝ್. ಫಂಕ್ ಬ್ರದರ್ಸ್ ಎಂದು ಅವರ ಅಡ್ಡಹೆಸರು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಮಾರ್ವಿನ್ ಗೇ, ನಮ್ಮ ಸ್ಟೀವಿ, ಇವರೆಲ್ಲರ ಹಾಡುಗಳ ಬೆನ್ನೆಲುಬು ಅವರೇ. ಆದರೆ ಹತ್ತು ವರ್ಷ ತಟ್ಟೆಗಳ ಮೇಲೆ ಅವರ ಹೆಸರೇ ಇರಲಿಲ್ಲ. ಮೊದಲು ಸರಿಯಾಗಿ ಹೆಸರು ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇಯ ಒಂದು ತಟ್ಟೆಯಲ್ಲಿ. ಮರುವರ್ಷವೇ ಕಂಪನಿ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು.

ಜೇಮರ್ಸನ್ ಅವರಲ್ಲಿ ಬೇಸ್ ಗಿಟಾರಿನವನು. 1967ರ ‘ಐ ವಾಸ್ ಮೇಡ್ ಟು ಲವ್ ಹರ್’ ಎಂಬ ಸ್ಟೀವಿಯ ಹಾಡಿನಲ್ಲಿ ಕೆಳಗಿನ ತಂತಿ ಮಾತಾಡಿದಂತೆ ಕೇಳುತ್ತದಲ್ಲ, ಅದು ಅವನ ಕೈ. 1983ರಲ್ಲಿ ಮೋಟೌನಿನ ಇಪ್ಪತ್ತೈದನೆಯ ವರ್ಷದ ದೊಡ್ಡ ಸಂಭ್ರಮ ನಡೆಯಿತು. ಮೈಕೆಲ್ ಜಾಕ್ಸನ್ ಹಿಮ್ಮುಖವಾಗಿ ಜಾರುವ ನಡಿಗೆ ತೋರಿಸಿ ಲೋಕವನ್ನು ಬೆರಗುಗೊಳಿಸಿದ ಸಂಜೆ ಅದೇ. ಜೇಮರ್ಸನ್‌ಗೆ ಕರೆ ಇರಲಿಲ್ಲ. ಕಾಳಸಂತೆಯಲ್ಲಿ ಟಿಕೆಟು ಕೊಂಡು ಮೇಲಿನ ಬಾಲ್ಕನಿಯಲ್ಲಿ ಕೂತು ನೋಡಿದ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡ.

ಮುದುಕರು ಇಷ್ಟು ಹೇಳಿ ಸುಮ್ಮನಾದರು. ತಟ್ಟೆ ಸುತ್ತುತ್ತಲೇ ಇತ್ತು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಾಲ್ಕನಿಯಲ್ಲಿ ಕೂತವನ ಜಾಗದಲ್ಲಿ ನನ್ನನ್ನೇ ಕೂರಿಸಿಕೊಂಡೆ. ಅದಕ್ಕೊಂದು ಕಾರಣವಿದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ವಾರ್ಷಿಕೋತ್ಸವದ ಹಾಡುಗಳಿಗೆಲ್ಲ ಧಾಟಿ ಕೂಡಿಸುತ್ತಿದ್ದವಳು ನಾನೇ. ಸಂಜೆ ಮಕ್ಕಳನ್ನು ಕೂರಿಸಿಕೊಂಡು, ಹಾರ್ಮೋನಿಯಮ್ಮಿನ ಹರಿದ ತಿದಿಗೆ ತೇಪೆ ಹಚ್ಚಿ, ಮನೆಯಲ್ಲಿ ಒಲೆ ಹೊತ್ತಿಸುವುದು ತಡವಾಯಿತೆಂದು ಬೈಸಿಕೊಂಡು ಮಾಡಿದ ಕೆಲಸ. ಒಂದು ವರ್ಷ ನಮ್ಮ ನಾಟಕಕ್ಕೆ ಜಿಲ್ಲಾ ಮಟ್ಟದಲ್ಲಿ ಸಂಗೀತದ ಬಹುಮಾನ ಬಂತು. ವೇದಿಕೆಗೆ ಕರೆದದ್ದು ಬೇರೆಯವರನ್ನು. ಶಾಲು ಹೊದೆಸಿದ್ದು ಅವರಿಗೆ. ನಾನು ಮಕ್ಕಳ ಬಣ್ಣದ ಪೆಟ್ಟಿಗೆ ಎತ್ತಿಡುತ್ತಿದ್ದೆ. ಅವರು ಕೆಟ್ಟವರೇನಲ್ಲ. ಹೆಂಗಸರು ಮಾಡುವ ಇಂಥ ಕೆಲಸ ಗಾಳಿ ನೀರಿನಂತೆ ತಾನಾಗಿ ಬರುತ್ತದೆಂದು ಎಣಿಸಿದ್ದರು, ಅಷ್ಟೆ. ಶಾಲಿನ ಬೆಲೆ ಆಗ ನೂರು ರೂಪಾಯಿಯೂ ಇರಲಿಲ್ಲ. ಆದರೂ ಮೂವತ್ತು ವರ್ಷಗಳ ಮೇಲೆ ಆ ಶಾಲಿನ ಅಂಚಿನ ಬಣ್ಣ ನನಗೆ ನೆನಪಿದೆ.

ಹಾಗಾಗಿ ಹೆಸರು ಒಲೆ ಹೊತ್ತಿಸುವುದಿಲ್ಲ ಎಂಬ ಮಾತಿಗೆ ನಾನು ಅರ್ಧ ಒಪ್ಪುತ್ತೇನೆ. ದುಡಿದವನಿಗೆ ದುಡ್ಡು ಕೊಡದೆ ಹೊಗಳಿಕೆಯ ಹಾಡು ಹಾಡಿದರೆ ಅದು ಮೋಸವೇ. ಅಡಿಗೆ ಚೆನ್ನಾಗಿದೆ ಎಂದು ಹೊಗಳಿ ಹೊಗಳಿಯೇ ನಮ್ಮ ಎಷ್ಟು ಮನೆಗಳಲ್ಲಿ ಹೆಂಗಸರನ್ನು ಅಡಿಗೆಮನೆಯಲ್ಲಿ ಇಟ್ಟಿಲ್ಲ! ಆದರೆ ದುಡ್ಡು ಕೊಟ್ಟು ಹೆಸರು ಅಳಿಸಿದರೆ ಸರಿಹೋಯಿತೇ? ಫಂಕ್ ಬ್ರದರ್ಸ್‌ಗೆ ವಾರದ ಸಂಬಳ ಸಿಗುತ್ತಿತ್ತು. ಜೇಮರ್ಸನ್ ಬಾಲ್ಕನಿಯ ಟಿಕೆಟು ಕೊಂಡದ್ದು ದುಡ್ಡಿಗಾಗಿ ಅಲ್ಲವಲ್ಲ.

ನಮ್ಮ ಹಿರಿಯರು ಮನುಷ್ಯ ಹುಟ್ಟುತ್ತಲೇ ಮೂರು ಋಣ ಹೊತ್ತು ಬರುತ್ತಾನೆ ಎಂದರು. ದೇವಋಣ, ಪಿತೃಋಣ, ಋಷಿಋಣ. ಇದರಲ್ಲಿ ಋಷಿಋಣದ್ದು ವಿಚಿತ್ರ ಲೆಕ್ಕ. ಕೊಟ್ಟವರಿಗೇ ಅದನ್ನು ಹಿಂದಿರುಗಿಸುವ ಹಾಗಿಲ್ಲ. ಕಲಿತದ್ದನ್ನು ಮುಂದಿನವರಿಗೆ ಕೊಟ್ಟರೆ ಅದು ತೀರುತ್ತದೆ. ಈ ಲೆಕ್ಕ ಬಹಳ ಕಾಲ ನನಗೆ ಒಪ್ಪಿಗೆಯಾಗಿತ್ತು. ಶಿಕ್ಷಕರಿಗೆಲ್ಲ ಒಪ್ಪಿಗೆಯಾಗುವ ಲೆಕ್ಕ ಅದು. ಈಗ ಅದರಲ್ಲೊಂದು ಸಂದು ಕಾಣುತ್ತದೆ. ಮುಂದಿನವರಿಗೆ ವಿದ್ಯೆ ಕೊಟ್ಟು ಕೊಟ್ಟವರ ಹೆಸರು ಕೊಡದಿದ್ದರೆ, ನಾಲ್ಕನೆಯ ಕೈಗೆ ಹೋಗುವಷ್ಟರಲ್ಲಿ ಅದು ಯಾರ ಮನೆಯದೂ ಅಲ್ಲದ ವಸ್ತುವಾಗುತ್ತದೆ. ಜೋರಾಗಿ ಕೂಗುವವನು ನನ್ನದೆನ್ನುತ್ತಾನೆ. ಜಾಝಿನ ಚರಿತ್ರೆಯಲ್ಲಿ ಇದು ಎಷ್ಟು ಸಲ ನಡೆಯಿತೋ! ಕಪ್ಪು ಜನ ಕಟ್ಟಿದ್ದನ್ನು ನುಡಿಸಿ ಹಣ ಹೆಸರು ಮಾಡಿಕೊಂಡವರು ಬೇರೆಯವರು. ನಮ್ಮ ಬೀಸುವ ಪದಗಳ ಗತಿಯೂ ಅದೇ. ಕಟ್ಟಿದ ಹೆಂಗಸರ ಹೆಸರೊಂದೂ ನಮಗೆ ಗೊತ್ತಿಲ್ಲ. ಸಂಗ್ರಹಿಸಿದ ಗಂಡಸರ ಹೆಸರು ಪುಸ್ತಕದ ಮೇಲಿದೆ.

ಸ್ಟೀವಿಯ ಪರವಾಗಿ ಇನ್ನೊಂದು ಮಾತು ಹೇಳಬೇಕು. ಅವನು ಸತ್ತವರ ಹೆಸರು ಹಾಡಿ ಕೈತೊಳೆದುಕೊಂಡವನಲ್ಲ. ಆ ದೊಡ್ಡ ಸಂಕಲನದ ‘ಆ್ಯಸ್’ ಎಂಬ ಹಾಡಿಗೆ ಜಾಝಿನ ಹರ್ಬಿ ಹ್ಯಾನ್ಕಾಕ್‌ನನ್ನು ಕರೆದು ಕೀಬೋರ್ಡು ನುಡಿಸಿದ. ಇನ್ನೊಂದಕ್ಕೆ ಜಾರ್ಜ್ ಬೆನ್ಸನ್ ಗಿಟಾರು ಹಿಡಿದ. 1982ರ ‘ಡು ಐ ಡು’ ಹಾಡಿನಲ್ಲಿ ಅರವತ್ತು ದಾಟಿದ್ದ ಡಿಝಿ ಗಿಲೆಸ್ಪಿಯ ತುತ್ತೂರಿ ಬರುವ ಮೊದಲು ಸ್ಟೀವಿ ಹಾಡಿನ ನಡುವೆಯೇ ಅವನ ಹೆಸರು ಹೇಳಿ ಕರೆಯುತ್ತಾನೆ. ವೇದಿಕೆಗೆ ಹಿರಿಯರನ್ನು ಕರೆದಂತೆ. ತಾಯಿ ಲೂಲಾಳ ಹೆಸರೂ ಅವನ ಕೆಲವು ಹಾಡುಗಳಲ್ಲಿ ಬರೆದವರ ಸಾಲಿನಲ್ಲಿ ಇದೆ. ಆ ಜೇಮರ್ಸನ್ ನುಡಿಸಿದ ಹಾಡಿನಲ್ಲೂ ಇದೆ. ಅಡಿಗೆಮನೆಯಲ್ಲಿ ಅಮ್ಮ ಹೇಳಿದ ಒಂದು ಸಾಲನ್ನು ಎತ್ತಿಕೊಂಡು ಅದು ಅಮ್ಮನದೆಂದು ಕಾಗದದ ಮೇಲೆ ಬರೆಸಿದ ಗಂಡುಮಕ್ಕಳು ಎಷ್ಟಿದ್ದಾರೆ? ಬರೆಸಿದರೆ ಗೌರಧನದ ಪಾಲೂ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಇಲ್ಲಿ ಹೆಸರೂ ಒಲೆಯೂ ಒಂದೇ ಆದವು.

ಎಲಾ ಫಿಟ್ಜೆರಾಲ್ಡ್ ವಿಷಯ ಹೇಳದೆ ಮುಂದೆ ಹೋಗಲಾರೆ. 1917ರಲ್ಲಿ ಹುಟ್ಟಿದವಳು. ಹದಿನೈದರ ಹೊತ್ತಿಗೆ ತಾಯಿ ಹೋದಳು; ಹುಡುಗಿ ಬೀದಿಪಾಲಾದಳು. 1934ರಲ್ಲಿ ನ್ಯೂಯಾರ್ಕಿನ ಅಪೋಲೋ ಥಿಯೇಟರಿನ ಸ್ಪರ್ಧೆಗೆ ಕುಣಿಯಲೆಂದು ಹೋಗಿ, ವೇದಿಕೆ ಹತ್ತಿದ ಮೇಲೆ ಮನಸ್ಸು ಬದಲಿಸಿ ಹಾಡಿ ಗೆದ್ದಳು. ಮುಂದಿನ ಅರವತ್ತು ವರ್ಷ ಅವಳ ಗಂಟಲಿನಲ್ಲಿ ಸ್ಕ್ಯಾಟ್ ಎಂಬ ತಿಲ್ಲಾನ ಹೊಳೆಯಂತೆ ಹರಿಯಿತು. 1977ರ ಮೇ ತಿಂಗಳಲ್ಲಿ ಅವಳ ಹೆಸರನ್ನು ಹೊತ್ತ ‘ಸರ್ ಡ್ಯೂಕ್’ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮಾಂಟ್ರೂ ಉತ್ಸವದಲ್ಲಿ ಅರವತ್ತರ ಎಲಾ ಹಾಡಿದಳು, ಆ ಕಛೇರಿ ತಟ್ಟೆಯಾಗಿಯೂ ಬಂದಿದೆ. ಅದರಲ್ಲಿ ಅವಳು ಹಾಡಿದ ಹಾಡುಗಳಲ್ಲಿ ಒಂದು ‘ಯೂ ಆರ್ ದಿ ಸನ್‌ಶೈನ್ ಆಫ್ ಮೈ ಲೈಫ್’. ಸ್ಟೀವಿಯದು. ಅವನು ಅವಳ ಹೆಸರು ಹಾಡಿದ, ಅವಳು ಅವನ ಹಾಡು ಹಾಡಿದಳು. ಗುರುವಿನಿಂದ ಶಿಷ್ಯನಿಗೆ ಒಂದೇ ದಿಕ್ಕಿನಲ್ಲಿ ಇಳಿಯುತ್ತದೆ ಎಂದು ನಾವು ಹೇಳುವ ನೀರು ಇಲ್ಲಿ ಮೇಲಕ್ಕೂ ಹತ್ತಿತಲ್ಲ ಎಂದು ನನಗೆ ಬಹಳ ಹಿಗ್ಗಾಯಿತು. ಮೊಮ್ಮಗುವನ್ನು ಮಲಗಿಸುವಾಗ ಆ ಎರಡನ್ನೂ ಮಗಳ ಫೋನಿನಲ್ಲಿ ಹಾಕಿಸಿಕೊಂಡು ಒಂದರ ಹಿಂದೊಂದು ಕೇಳುತ್ತಿದ್ದೆ.

ಹಾಗೆಂದು ಪಟ್ಟಿ ಪೂರ್ತಿಯಾಯಿತೇ? ಯಾವ ಪಟ್ಟಿಯೂ ಆಗುವುದಿಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರು ಹಾಡಿನಲ್ಲಿದೆ. ಅವನ ಹೆಂಡತಿಯಾಗಿದ್ದ ಲಿಲ್ ಹಾರ್ಡಿನ್ ಹೆಸರು ಇಲ್ಲ. ಯಾಕಿಲ್ಲ ಎಂದು ಸ್ಟೀವಿಯನ್ನು ಕಟಕಟೆಗೆ ಕರೆಯುವುದಿಲ್ಲ, ಹಾಡು ಜನಗಣತಿಯಲ್ಲ. ಆದರೆ ಹಾಡು ಕೇಳಿದವಳಿಗೆ ಹುಡುಕುವ ಹಕ್ಕಿದೆಯಷ್ಟೆ.

ಲಿಲ್ ಹುಟ್ಟಿದ್ದು 1898ರಲ್ಲಿ ಮೆಂಫಿಸ್‌ನಲ್ಲಿ. ಶಿಕಾಗೋಗೆ ಬಂದು, ಸಂಗೀತದ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಪಿಯಾನೋದ ಮೇಲೆ ಹೊಸ ಹಾಡು ನುಡಿಸಿ ತೋರಿಸುವ ಕೆಲಸ ಹಿಡಿದಳು. ಅಲ್ಲಿಂದ ಕಿಂಗ್ ಆಲಿವರ್‌ನ ಜಾಝ್ ತಂಡಕ್ಕೆ. 1922ರಲ್ಲಿ ಅದೇ ತಂಡಕ್ಕೆ ನ್ಯೂ ಆರ್ಲಿಯನ್ಸ್‌ನಿಂದ ಎರಡನೆಯ ತುತ್ತೂರಿಯವನಾಗಿ ಬಂದ ನಾಚಿಕೆಯ ಹುಡುಗ ಲೂಯಿ. 1924ರಲ್ಲಿ ಮದುವೆ. ನೀನು ಇನ್ನೊಬ್ಬನ ಹಿಂದೆ ಎರಡನೆಯವನಾಗಿ ನಿಲ್ಲತಕ್ಕವನಲ್ಲ ಎಂದು ಅವನ ಬೆನ್ನು ಹತ್ತಿ ತಂಡ ಬಿಡಿಸಿದವಳು ಅವಳು. 1925ರಿಂದ ಅವನ ಹೆಸರಿನಲ್ಲಿ ಬಂದ ‘ಹಾಟ್ ಫೈವ್’ ಮುದ್ರಣಗಳು ಜಾಝಿನ ದಿಕ್ಕನ್ನೇ ತಿರುಗಿಸಿದವು ಎನ್ನುತ್ತಾರೆ. ಅವುಗಳಲ್ಲಿ ಪಿಯಾನೋ ಲಿಲ್‌ಳದು. ಕೆಲವು ಹಾಡುಗಳೂ ಅವಳವೇ. ಆಮೇಲೆ ಮದುವೆ ಮುರಿಯಿತು. ಅವಳು ಬಟ್ಟೆ ಹೊಲಿಯುವುದನ್ನೂ ಕಲಿತಳು, ಮತ್ತೆ ಪಿಯಾನೋಗೆ ಬಂದಳು. ಅವಳ ‘ಜಸ್ಟ್ ಫಾರ್ ಎ ಥ್ರಿಲ್’ ಎಂಬ ಹಾಡನ್ನು 1959ರಲ್ಲಿ ಹಾಡಿ ಮೆರೆಸಿದವನು ರೇ ಚಾರ್ಲ್ಸ್. ಹೌದು, ಪುಟ್ಟ ಸ್ಟೀವಿ ತನ್ನ ತಟ್ಟೆಯನ್ನು ಅರ್ಪಿಸಿದ ಅದೇ ರೇ ಚಾರ್ಲ್ಸ್. ಹಾಗೆ ನೋಡಿದರೆ ಹೆಸರಿಲ್ಲದೆಯೂ ಅವಳು ಆ ಮನೆಯೊಳಗೆ ಬಂದು ಕೂತಿದ್ದಳು.

1971ರ ಜುಲೈಯಲ್ಲಿ ಲೂಯಿ ತೀರಿಕೊಂಡ. ಆಗಸ್ಟ್ 27ರಂದು ಶಿಕಾಗೋದಲ್ಲಿ ಅವನ ನೆನಪಿಗೆ ಕಛೇರಿ. ಲಿಲ್ ಪಿಯಾನೋ ಮುಂದೆ ಕೂತು ನುಡಿಸುತ್ತ ಇದ್ದಂತೆಯೇ ಕುಸಿದು ಪ್ರಾಣ ಬಿಟ್ಟಳು.

ಇದನ್ನು ಪಕ್ಕದ ಮನೆಯಾಕೆಗೆ ಹೇಳಿದೆ. ಎಪ್ಪತ್ತು ವರ್ಷ ಆ ನೆಲದಲ್ಲೇ ಬಾಳಿದ ಅವರಿಗೆ ಲಿಲ್ ಗೊತ್ತಿರಲಿಲ್ಲ. ನೀರು ತುಂಬಿದ ಕಣ್ಣನ್ನು ಒರೆಸಿಕೊಂಡು ಆ ಹೆಸರನ್ನು ಕಾಗದದಲ್ಲಿ ಬರೆಸಿಕೊಂಡರು. ಆ ವಾರವೇ ನನ್ನನ್ನು ಡೆಟ್ರಾಯಿಟ್ಟಿಗೆ, ಮೋಟೌನ್ ಹುಟ್ಟಿದ ಮನೆಗೆ ಕರೆದೊಯ್ದರು.

ವೆಸ್ಟ್ ಗ್ರಾಂಡ್ ಬುಲೆವಾರ್ಡಿನ ಮೇಲೆ ಸಾಧಾರಣ ಮನೆ. ಮುಂದೆ ‘ಹಿಟ್ಸ್‌ವಿಲ್ ಯು.ಎಸ್.ಎ.’ ಎಂದು ಬರೆದಿದೆ. ಕಂಪನಿ ಊರು ಬಿಟ್ಟ ಮೇಲೆ ಹಳೆಯ ಕಾಗದ, ಚಿತ್ರ, ಉಡುಪುಗಳನ್ನು ಜೋಪಾನ ಮಾಡಿಕೊಂಡು, 1985ರಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿದವರು ಬೆರಿ ಗಾರ್ಡಿಯ ಅಕ್ಕ ಎಸ್ತರ್ ಗಾರ್ಡಿ ಎಡ್ವರ್ಡ್ಸ್. ತಮ್ಮ ಹಾಡು ಮಾಡಿದ, ಅಕ್ಕ ನೆನಪು ಕಾದಳು. ಒಳಗೆ ನೆಲಕ್ಕಿಂತ ತಗ್ಗಿನಲ್ಲಿರುವ ಸ್ಟುಡಿಯೋ, ಜೇಮರ್ಸನ್ ಮತ್ತವನ ಗೆಳೆಯರು ಹೊಗೆ ಬಿಡುತ್ತ ಕೂತಿದ್ದ ಜಾಗ. ನಮ್ಮ ಹಜಾರದಷ್ಟೂ ದೊಡ್ಡದಿಲ್ಲ.

ಅದಕ್ಕೆ ಮೊದಲು ಒಂದು ಹಳೆಯ ಮಿಠಾಯಿ ಯಂತ್ರ ತೋರಿಸುತ್ತಾರೆ. ಕಾಸು ಹಾಕಿ ಗುಂಡಿ ಎಳೆದರೆ ಚಾಕಲೇಟು ಬೀಳುವಂಥದ್ದು. ಪುಟ್ಟ ಸ್ಟೀವಿಗೆ ಬೇಬಿ ರೂತ್ ಎಂಬ ಚಾಕಲೇಟು ಪ್ರಾಣ. ಕಣ್ಣಿಲ್ಲದ ಹುಡುಗ ತಡಕಾಡಬಾರದೆಂದು ಅದನ್ನು ಯಾವಾಗಲೂ ಒಂದೇ ಖಾನೆಯಲ್ಲಿ ಇಡುತ್ತಿದ್ದರಂತೆ. ಎಣಿಸಿಕೊಂಡು ಬಂದು ಅವನೇ ಎಳೆದುಕೊಳ್ಳುತ್ತಿದ್ದ.

ನಾನು ಆ ಯಂತ್ರದ ಮುಂದೆಯೇ ನಿಂತುಬಿಟ್ಟೆ. ಹಾಗೆ ನೆನಪಿಟ್ಟು ಅದೇ ಖಾನೆಗೆ ತುಂಬುತ್ತಿದ್ದವರು ಯಾರು ಎಂದು ನಮ್ಮ ಜೊತೆಗಿದ್ದ ಹುಡುಗಿಯನ್ನು ಕೇಳಿದೆ. ಅವಳು ಮುಗುಳ್ನಕ್ಕು ಭುಜ ಕುಣಿಸಿದಳು. ಅಷ್ಟರಲ್ಲಿ ಒಳಗೆ ಸ್ಟುಡಿಯೋದಲ್ಲಿ ನಮ್ಮ ಗುಂಪಿನವರು ಸಾಲಾಗಿ ನಿಂತು ಹಾಡಲು ಶುರು ಮಾಡಿದ್ದರು. ಬಂದವರಿಂದೆಲ್ಲ ಅಲ್ಲಿ ಒಂದು ಹಾಡು ಹಾಡಿಸುತ್ತಾರೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಕೈಬೀಸಿ ಕರೆದರು. ಸೀರೆಯ ನಿರಿಗೆ ಎತ್ತಿ ಹಿಡಿದು ಮೆಟ್ಟಿಲಿಳಿದೆ.